ಆಂಡ್ರಾಯ್ಡ್ ಸ್ಟುಡಿಯೋ ಇಲ್ಲದೆ, ಬರೀ ಟರ್ಮಿನಲ್‌ನಿಂದ ಆ್ಯಪ್ ಬಿಲ್ಡ್ ಮಾಡಿ ಫೋನಿಗೆ ಹಾಕುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಉಬುಂಟು 24.04, 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ಆಂಡ್ರಾಯ್ಡ್ ಸ್ಟುಡಿಯೋ ಜೊತೆಗೆ ಬ್ರೌಸರ್ ತೆರೆದರೆ ಮೌಸ್ ಕೂಡ ಅಲ್ಲಾಡುವುದಿಲ್ಲ. ಕೋಡ್ ಬರೆಯಲು ಬೇರೆ ಎಡಿಟರ್ ಇದೆ. ಬಿಲ್ಡ್, ಇನ್‌ಸ್ಟಾಲ್, ಲಾಗ್ ಓದುವುದು ಇಷ್ಟನ್ನೂ ಟರ್ಮಿನಲ್‌ನಲ್ಲೇ ಮಾಡಿಕೊಳ್ಳಬೇಕು ಅಂತಿದ್ದೇನೆ.

ಪ್ರಾಜೆಕ್ಟ್ ಕೋಟ್ಲಿನ್ ಭಾಷೆಯದು. ಕಂಪೈಲ್ ಎಸ್‌ಡಿಕೆ (ಆ್ಯಪ್ ಕಟ್ಟಲು ಬೇಕಾದ ಟೂಲ್‌ಗಳ ಕಟ್ಟು) 34, ಆಂಡ್ರಾಯ್ಡ್ ಗ್ರೇಡಲ್ (ಬಿಲ್ಡ್ ನಡೆಸುವ ಟೂಲ್) ಪ್ಲಗಿನ್ 8.3, ಗ್ರೇಡಲ್ ವ್ರ್ಯಾಪರ್ 8.4. ಫೋನ್ ಆಂಡ್ರಾಯ್ಡ್ 13. ಕಮಾಂಡ್ ಲೈನ್ ಟೂಲ್ಸ್ ಜಿಪ್ ಇಳಿಸಿ ಬಿಚ್ಚಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ಇಲ್ಲಿ:

ಎಸ್‌ಡಿಕೆಮ್ಯಾನೇಜರ್ (ಎಸ್‌ಡಿಕೆಯ ಭಾಗಗಳನ್ನು ಇಳಿಸುವ ಟೂಲ್) ಓಡಿಸಿದರೆ "ಕುಡ್ ನಾಟ್ ಡಿಟರ್ಮಿನ್ ಎಸ್‌ಡಿಕೆ ರೂಟ್" ಅನ್ನುತ್ತದೆ.

ಗ್ರೇಡಲ್ ಓಡಿಸಿದರೆ "ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65".

ಎಡಿಬಿ (ಕಂಪ್ಯೂಟರಿನಿಂದ ಫೋನಿನ ಜೊತೆ ಮಾತಾಡುವ ಟೂಲ್) ಡಿವೈಸಸ್ ಕೊಟ್ಟರೆ ಫೋನ್ ಕಾಣುತ್ತದೆ, ಆದರೆ ಎದುರಿಗೆ "ನೋ ಪರ್ಮಿಷನ್ಸ್" ಅಂತ ಬರುತ್ತದೆ.

ಮೂರಕ್ಕೂ ಒಂದೇ ಕಾರಣವೋ, ಬೇರೆಬೇರೆಯೋ?

---

ಎಂಟುಬಿಟ್

ಬೇರೆಬೇರೆ. ಮೂರು ಟೂಲ್ ಮೂರು ವಿಷಯ ಹೇಳುತ್ತಿವೆ. ಮೊದಲನೆಯದನ್ನು ನಾನು ಹೇಳುತ್ತೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಹೊಡೆಯಬೇಕು. ಫೋಲ್ಡರ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಲಿನಕ್ಸ್‌ಗೆ ಬೇರೆಬೇರೆ ಎಂಬುದು ನೆನಪಿರಲಿ.

ಎಸ್‌ಡಿಕೆಮ್ಯಾನೇಜರ್ ತಾನು ಕೂತ ಜಾಗದಿಂದ ಮೇಲಕ್ಕೆ ಹತ್ತಿ ಎಸ್‌ಡಿಕೆ ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಜಿಪ್ ಬಿಚ್ಚಿದಾಗ ಬರುವ ಸಿಎಂಡಿಲೈನ್-ಟೂಲ್ಸ್ ಫೋಲ್ಡರಿನಲ್ಲಿ ಬಿನ್, ಲಿಬ್ ನೇರವಾಗಿ ಇರುತ್ತವೆ, ನಡುವೆ ಇರಬೇಕಾದ ಒಂದು ಮೆಟ್ಟಿಲು ಇರುವುದಿಲ್ಲ. ಆ ಮೆಟ್ಟಿಲನ್ನು ನಾವೇ ಹಾಕಬೇಕು. ಕೊನೆಗೆ ದಾರಿ ಹೀಗಿರಬೇಕು:

~/ಆಂಡ್ರಾಯ್ಡ್/ಎಸ್‌ಡಿಕೆ/ಸಿಎಂಡಿಲೈನ್-ಟೂಲ್ಸ್/ಲೇಟೆಸ್ಟ್/ಬಿನ್/ಎಸ್‌ಡಿಕೆಮ್ಯಾನೇಜರ್

ಅಂದರೆ ಎಸ್‌ಡಿಕೆ ಒಳಗೆ ಸಿಎಂಡಿಲೈನ್-ಟೂಲ್ಸ್ ಎಂಬ ಖಾಲಿ ಫೋಲ್ಡರ್ ಮಾಡಿ, ಜಿಪ್‌ನಿಂದ ಬಂದ ಫೋಲ್ಡರನ್ನು ಲೇಟೆಸ್ಟ್ ಎಂದು ಹೆಸರು ಬದಲಿಸಿ ಅದರೊಳಗೆ ಸರಿಸಿ. ಆಮೇಲೆ .ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಆಂಡ್ರಾಯ್ಡ್_ಹೋಮ್ ಎಂಬ ವೇರಿಯಬಲ್‌ಗೆ ಎಸ್‌ಡಿಕೆ ಫೋಲ್ಡರಿನ ದಾರಿ ಕೊಡಿ. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಆಂಡ್ರಾಯ್ಡ್_ಎಸ್‌ಡಿಕೆ_ರೂಟ್ ಅಂತ ಇರುತ್ತದೆ, ಅದರ ಬಳಕೆ ನಿಲ್ಲಿಸಿ ಎಂದು ಗೂಗಲ್ ದಾಖಲೆಯೇ ಹೇಳುತ್ತದೆ. ಎರಡನ್ನೂ ಇಟ್ಟು ಎರಡಕ್ಕೂ ಬೇರೆಬೇರೆ ದಾರಿ ಕೊಟ್ಟರಂತೂ ಗೋಜಲು. ಪಾಥ್‌ಗೆ (ಟರ್ಮಿನಲ್ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಈ ಬಿನ್ ಫೋಲ್ಡರ್ ಮತ್ತು ಪ್ಲಾಟ್‌ಫಾರ್ಮ್-ಟೂಲ್ಸ್ ಎರಡನ್ನೂ ಸೇರಿಸಿ, ಹೊಸ ಟರ್ಮಿನಲ್ ತೆರೆಯಿರಿ.

ನಂತರ:

ಎಸ್‌ಡಿಕೆಮ್ಯಾನೇಜರ್ "ಪ್ಲಾಟ್‌ಫಾರ್ಮ್-ಟೂಲ್ಸ್" "ಪ್ಲಾಟ್‌ಫಾರ್ಮ್ಸ್;ಆಂಡ್ರಾಯ್ಡ್-34" "ಬಿಲ್ಡ್-ಟೂಲ್ಸ್;34.0.0"

ಎಸ್‌ಡಿಕೆಮ್ಯಾನೇಜರ್ --ಲೈಸೆನ್ಸಸ್

ಉದ್ಧರಣ ಚಿಹ್ನೆ ಬಿಡಬೇಡಿ. ಬಿಟ್ಟರೆ ಬ್ಯಾಶ್ ಅರ್ಧವಿರಾಮದ ಹತ್ತಿರ ಕಮಾಂಡನ್ನು ಎರಡಾಗಿ ಕತ್ತರಿಸಿ, "ಆಂಡ್ರಾಯ್ಡ್-34: ಕಮಾಂಡ್ ನಾಟ್ ಫೌಂಡ್" ಎಂದು ಸಂಬಂಧವೇ ಇಲ್ಲದ ಎರರ್ ಕೊಡುತ್ತದೆ.

ಇದ್ಯಾವುದಕ್ಕೂ ಸುಡೋ (ರೂಟ್ ಅಧಿಕಾರದಲ್ಲಿ ಓಡಿಸುವುದು) ಹಾಕಬೇಡಿ. ಹಾಕಿದರೆ ಫೋಲ್ಡರ್ ರೂಟ್ ಹೆಸರಿಗೆ ಹೋಗಿ, ನಾಳೆ ಗ್ರೇಡಲ್ ಏನಾದರೂ ಇಳಿಸಹೊರಟಾಗ "ಎಸ್‌ಡಿಕೆ ಡೈರೆಕ್ಟರಿ ಈಸ್ ನಾಟ್ ರೈಟಬಲ್" ಎಂದು ನಿಲ್ಲುತ್ತದೆ. ಲೈಸೆನ್ಸ್‌ಗೆ ಒಪ್ಪಿಗೆ ಕೊಟ್ಟಿದ್ದು ಎಸ್‌ಡಿಕೆ ಒಳಗಿನ ಲೈಸೆನ್ಸಸ್ ಫೋಲ್ಡರಿನಲ್ಲಿ ಸಣ್ಣ ಫೈಲುಗಳಾಗಿ ಉಳಿಯುತ್ತದೆ. ಅವು ಇದ್ದರೆ ಸಾಕು, ಪ್ರಾಜೆಕ್ಟ್ ಕೇಳುವ ಬಿಲ್ಡ್-ಟೂಲ್ಸ್ ಆವೃತ್ತಿ ಇಲ್ಲದಿದ್ದಾಗ ಗ್ರೇಡಲ್ ಪ್ಲಗಿನ್ನೇ ಇಳಿಸಿಕೊಳ್ಳುತ್ತದೆ.

ಪ್ರಾಜೆಕ್ಟ್ ಫೋಲ್ಡರಿನಲ್ಲಿ ಲೋಕಲ್.ಪ್ರಾಪರ್ಟೀಸ್ ಫೈಲ್ ಇದೆಯಾ ನೋಡಿ. ಯಾರೋ ವಿಂಡೋಸ್ ದಾರಿ ಇರುವ ಫೈಲನ್ನು ಗಿಟ್‌ಗೆ ಸೇರಿಸಿಬಿಟ್ಟಿರುತ್ತಾರೆ. ನಿಮ್ಮ ಆಂಡ್ರಾಯ್ಡ್_ಹೋಮ್ ಎಷ್ಟೇ ಸರಿಯಿದ್ದರೂ ಗ್ರೇಡಲ್ ಮೊದಲು ಕೇಳುವುದು ಆ ಫೈಲಿನ ಮಾತನ್ನು. ಅದನ್ನು ಅಳಿಸಿ, ಗಿಟ್‌ಇಗ್ನೋರ್‌ಗೆ ಹಾಕಿ.

---

ಹೊಂಗೆನೆರಳು

ಎರಡನೆಯದು ಜಾವಾ ಆವೃತ್ತಿಯ ಜಗಳ. ಆ ಸಂಖ್ಯೆಯಿಂದ 44 ಕಳೆಯಿರಿ: 65 ಅಂದರೆ ಜಾವಾ 21, 61 ಅಂದರೆ ಜಾವಾ 17. ಉಬುಂಟು 24.04ರ ಡೀಫಾಲ್ಟ್ ಜಾವಾ 21. ಗ್ರೇಡಲ್ ಜಾವಾ 21ರ ಮೇಲೆ ಓಡಲು ಶುರುವಾಗಿದ್ದು 8.5ರಿಂದ, ನಿಮ್ಮದು 8.4.

ಜಾವಾ 17 ಹಾಕಿಕೊಳ್ಳಿ, ಪ್ಲಗಿನ್ 8.3ಕ್ಕೆ ಬೇಕಾದ್ದೂ ಅದೇ. ಓಪನ್‌ಜೆಡಿಕೆ-17-ಜೆಡಿಕೆ-ಹೆಡ್‌ಲೆಸ್ ಪ್ಯಾಕೇಜ್ ಸಾಕು. ಜೆಆರ್‌ಇ (ಜಾವಾ ಓಡಿಸಲಷ್ಟೇ ಇರುವ ಪ್ಯಾಕೇಜ್) ಬೇಡ, ಅದರಲ್ಲಿ ಜೆಲಿಂಕ್ ಇರುವುದಿಲ್ಲ. ಬಿಲ್ಡ್ ಅರ್ಧ ದಾರಿ ಬಂದ ಮೇಲೆ "ಕೋರ್-ಫಾರ್-ಸಿಸ್ಟಮ್-ಮಾಡ್ಯೂಲ್ಸ್.ಜಾರ್" ಎಂಬ ಹೆಸರು ಹೇಳಿ ಸೋಲುತ್ತದೆ, ಆ ಎರರ್ ನೋಡಿ ಜಾವಾದ ತಪ್ಪು ಅಂತ ಯಾರಿಗೂ ಹೊಳೆಯುವುದಿಲ್ಲ. ಜಾವಾ_ಹೋಮ್ ವೇರಿಯಬಲ್‌ಗೆ /ಯುಎಸ್‌ಆರ್/ಲಿಬ್/ಜೆವಿಎಂ ಒಳಗಿನ 17ರ ಫೋಲ್ಡರ್ ಕೊಟ್ಟು:

./ಗ್ರೇಡಲ್‌ಡಬ್ಲ್ಯೂ --ಸ್ಟಾಪ್

./ಗ್ರೇಡಲ್‌ಡಬ್ಲ್ಯೂ --ವರ್ಷನ್

ಎರಡನೆಯ ಕಮಾಂಡ್ ಯಾವ ಜೆವಿಎಂ ಸಿಕ್ಕಿತು ಎಂದು ತೋರಿಸುತ್ತದೆ. ಮೊದಲನೆಯದು ಯಾಕೆಂದರೆ, ಗ್ರೇಡಲ್ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಕೆಲಸ ಮುಗಿದ ಮೇಲೂ 3 ಗಂಟೆ ಸುಮ್ಮನೆ ಕಾದಿರುತ್ತದೆ. ಜಾವಾ ಬದಲಿಸಿದರೆ ಹಳೆಯ ಡೀಮನ್ ಹೊಂದದೆ ಹೊಸದೊಂದು ಏಳುತ್ತದೆ, ಹಳೆಯದೂ ರ‍್ಯಾಮ್ ಹಿಡಿದು ಕೂತಿರುತ್ತದೆ. 8 ಜಿಬಿ ಯಂತ್ರದಲ್ಲಿ ಅದು ದುಬಾರಿ.

ಜಾವಾ 21ನ್ನೇ ಇಟ್ಟುಕೊಂಡು ಗ್ರೇಡಲ್ ಮೇಲೇರಿಸುತ್ತೇನೆ ಎಂದರೆ ವ್ರ್ಯಾಪರ್ ಟಾಸ್ಕ್ ಓಡಿಸಿ ಪ್ರಯೋಜನವಿಲ್ಲ, ಅದೂ ಇದೇ ಎರರ್‌ಗೆ ಬಿದ್ದುಹೋಗುತ್ತದೆ. ಗ್ರೇಡಲ್/ವ್ರ್ಯಾಪರ್ ಫೋಲ್ಡರಿನ ಪ್ರಾಪರ್ಟೀಸ್ ಫೈಲಿನಲ್ಲಿ ಡಿಸ್ಟ್ರಿಬ್ಯೂಷನ್ ಯುಆರ್‌ಎಲ್ ಸಾಲಿನ ಆವೃತ್ತಿಯನ್ನು ಕೈಯಾರೆ ತಿದ್ದಬೇಕು.

ಇನ್ನು ಮೆಮೊರಿ. ನಿಮ್ಮ ಯಂತ್ರಕ್ಕೆ ನಿಜವಾದ ಕಷ್ಟ ಇದೇ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಲ್ಡ್ ನಡೆಯುವಾಗ ಗ್ರೇಡಲ್ ಡೀಮನ್ ಒಂದು, ಕೋಟ್ಲಿನ್ ಕಂಪೈಲರ್ ಡೀಮನ್ ಇನ್ನೊಂದು. ಕೋಟ್ಲಿನ್ ಡೀಮನ್‌ಗೆ ನೀವು ಪ್ರತ್ಯೇಕವಾಗಿ ಏನೂ ಹೇಳದಿದ್ದರೆ ಗ್ರೇಡಲ್‌ಗೆ ಕೊಟ್ಟಷ್ಟೇ ಹೀಪ್ (ಜಾವಾ ಬಳಸುವ ಮೆಮೊರಿ) ಮಿತಿಯನ್ನು ತಾನೂ ತೆಗೆದುಕೊಳ್ಳುತ್ತದೆ. ಹಾಗಾಗಿ "ಬಿಲ್ಡ್ ನಿಧಾನ" ಅಂತ 4 ಜಿಬಿ ಕೊಟ್ಟರೆ ಇಬ್ಬರೂ ಸೇರಿ 8 ಜಿಬಿವರೆಗೆ ಬೆಳೆಯಬಹುದು. ಈ ಸಾಲುಗಳಿಂದ ಶುರುಮಾಡಿ:

ಆರ್ಗ್.ಗ್ರೇಡಲ್.ಜೆವಿಎಂಆರ್ಗ್ಸ್=-ಎಕ್ಸ್‌ಎಂಎಕ್ಸ್2048ಎಂ

ಕೋಟ್ಲಿನ್.ಡೀಮನ್.ಜೆವಿಎಂಆರ್ಗ್ಸ್=-ಎಕ್ಸ್‌ಎಂಎಕ್ಸ್1024ಎಂ

ಆರ್ಗ್.ಗ್ರೇಡಲ್.ವರ್ಕರ್ಸ್.ಮ್ಯಾಕ್ಸ್=2

ಆರ್ಗ್.ಗ್ರೇಡಲ್.ಕ್ಯಾಶಿಂಗ್=ಟ್ರೂ

ಇವನ್ನು ಪ್ರಾಜೆಕ್ಟ್ ಫೈಲಿಗೆ ಹಾಕುವ ಬದಲು ಹೋಮ್ ಫೋಲ್ಡರಿನ .ಗ್ರೇಡಲ್ ಒಳಗಿನ ಗ್ರೇಡಲ್.ಪ್ರಾಪರ್ಟೀಸ್‌ನಲ್ಲಿ ಬರೆಯಿರಿ. ಪ್ರಾಜೆಕ್ಟ್ ಫೈಲಿಗಿಂತ ಅದರ ಮಾತೇ ಮೇಲು, ತಂಡದವರ ಯಂತ್ರಕ್ಕೂ ತೊಂದರೆಯಿಲ್ಲ.

ಎರಡು ಎರರ್ ಬಗ್ಗೆ ಎಚ್ಚರ, ಅವುಗಳ ಮದ್ದು ತದ್ವಿರುದ್ಧ. "ಜಾವಾ ಹೀಪ್ ಸ್ಪೇಸ್" ಎಂದು ಬಂದರೆ ಕೊಟ್ಟ ಮಿತಿ ಸಾಲದು, ಹೆಚ್ಚಿಸಿ. "ಗ್ರೇಡಲ್ ಬಿಲ್ಡ್ ಡೀಮನ್ ಡಿಸಪಿಯರ್ಡ್ ಅನ್‌ಎಕ್ಸ್‌ಪೆಕ್ಟೆಡ್ಲಿ" ಎಂದು ಬಂದರೆ, ಹೆಚ್ಚಾಗಿ, ರ‍್ಯಾಮ್ ಮುಗಿದು ಕರ್ನೆಲ್ಲೇ ಡೀಮನ್ನನ್ನು ಕೊಂದಿದೆ. ಜರ್ನಲ್‌ಸಿಟಿಎಲ್ -ಕೆ ಕೊಟ್ಟು "ಕಿಲ್ಡ್ ಪ್ರೊಸೆಸ್" ಎಂದು ಹುಡುಕಿದರೆ ಜಾವಾ ಹೆಸರು ಸಿಗುತ್ತದೆ. ಆಗ ಮಿತಿ ಕಡಿಮೆ ಮಾಡಬೇಕು, ಇಲ್ಲವೇ ಬ್ರೌಸರ್ ಮುಚ್ಚಬೇಕು. ಎರಡನೆಯದಕ್ಕೂ ಹೀಪ್ ಹೆಚ್ಚಿಸುವವರೇ ಜಾಸ್ತಿ, ಅದರಿಂದ ಇನ್ನೂ ಬೇಗ ಸಾಯುತ್ತದೆ.

ಬಿಲ್ಡ್‌ಗೆ ಈ ಟಾಸ್ಕ್ ಕೊಡಿ:

./ಗ್ರೇಡಲ್‌ಡಬ್ಲ್ಯೂ :ಆ್ಯಪ್:ಅಸೆಂಬಲ್‌ಡಿಬಗ್

ಸುಮ್ಮನೆ "ಬಿಲ್ಡ್" ಎಂದು ಕೊಟ್ಟರೆ ರಿಲೀಸ್ ಆವೃತ್ತಿ, ಲಿಂಟ್ (ಕೋಡಿನ ತಪ್ಪು ಹುಡುಕುವ ಪರಿಶೀಲನೆ), ಯುನಿಟ್ ಟೆಸ್ಟ್ ಎಲ್ಲವೂ ಓಡುತ್ತವೆ, ದಿನದ ಕೆಲಸಕ್ಕೆ ಅದು ಬೇಡ. ಎಪಿಕೆ (ಫೋನಿಗೆ ಹಾಕುವ ಆ್ಯಪ್ ಫೈಲ್) ಸಿಗುವುದು ಆ್ಯಪ್/ಬಿಲ್ಡ್/ಔಟ್‌ಪುಟ್ಸ್/ಎಪಿಕೆ/ಡಿಬಗ್ ಒಳಗೆ. ಮೊದಲ ಸಲ ಲೈಬ್ರರಿಗಳೆಲ್ಲ ಇಳಿಯಬೇಕು, ಒಳ್ಳೆಯ ನೆಟ್ ಇರುವಲ್ಲಿ ಮಾಡಿ. ಆಮೇಲೆ --ಆಫ್‌ಲೈನ್ ಸೇರಿಸಿದರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಹೊಸ ಲೈಬ್ರರಿ ಸೇರಿಸುವವರೆಗೆ.

---

ಕೀಲಿಮಣೆ

ಫೋನಿನ ವಿಷಯ ನಾನು ಹೇಳ್ತೀನಿ. "ನೋ ಪರ್ಮಿಷನ್ಸ್" ಅಂದ್ರೆ ಯುಎಸ್‌ಬಿ ಸಾಧನ ಮುಟ್ಟೋಕೆ ನಿಮ್ಮ ಯೂಸರ್‌ಗೆ ಲಿನಕ್ಸ್ ಅನುಮತಿ ಕೊಟ್ಟಿಲ್ಲ. ಆಂಡ್ರಾಯ್ಡ್-ಎಸ್‌ಡಿಕೆ-ಪ್ಲಾಟ್‌ಫಾರ್ಮ್-ಟೂಲ್ಸ್-ಕಾಮನ್ ಅನ್ನೋ ಪ್ಯಾಕೇಜ್ ಆ್ಯಪ್ಟ್‌ನಿಂದ ಹಾಕಿ, ಅದರಲ್ಲಿ ಯುಡೆವ್ ನಿಯಮಗಳಿವೆ (ಯಾವ ಸಾಧನವನ್ನ ಯಾರು ಮುಟ್ಟಬಹುದು ಅಂತ ಲಿನಕ್ಸ್‌ಗೆ ಹೇಳೋವು). ನಿಮ್ಮ ಯೂಸರ್ ಪ್ಲಗ್‌ಡೆವ್ ಗುಂಪಲ್ಲಿ ಇದ್ದಾರಾ ನೋಡಿ, ಇಲ್ದಿದ್ರೆ ಸೇರಿಸಿ. ಲಾಗೌಟ್ ಆಗಿ ಬಂದು, ಕೇಬಲ್ ಕಿತ್ತು ಹಾಕಿ, ಎಡಿಬಿ ಕಿಲ್-ಸರ್ವರ್ ಕೊಟ್ಟು ಮತ್ತೆ ಎಡಿಬಿ ಡಿವೈಸಸ್ ನೋಡಿ.

"ಸುಡೋ ಎಡಿಬಿ" ಅಂತ ಸಲಹೆ ಕೊಡೋರು ಸಿಗ್ತಾರೆ, ಕೇಳ್ಬೇಡಿ. ಸರ್ವರ್ ರೂಟ್ ಹೆಸರಲ್ಲಿ ಏಳುತ್ತೆ, ಅದರ ಕೀಲಿಯೂ ರೂಟ್‌ನ ಮನೆಯಲ್ಲಿ ಹುಟ್ಟುತ್ತೆ. ಮುಂದೆ ಸುಡೋ ಇಲ್ಲದೆ ಓಡಿಸಿದಾಗ ಬೇರೆ ಕೀಲಿ, ಫೋನ್ ಮತ್ತೆ ಒಪ್ಪಿಗೆ ಕೇಳುತ್ತೆ.

ಬೇರೆ ಸ್ಥಿತಿಗಳೂ ಗೊತ್ತಿರಲಿ. "ಅನ್‌ಆಥರೈಸ್ಡ್" ಬಂದ್ರೆ ಫೋನ್ ಪರದೆ ಮೇಲೆ ಪ್ರಶ್ನೆ ಕಾಯ್ತಿದೆ, ಅನ್‌ಲಾಕ್ ಮಾಡಿ ಒಪ್ಪಿ. ಪ್ರಶ್ನೆ ಬರ್ದಿದ್ರೆ ಡೆವಲಪರ್ ಆಪ್ಷನ್ಸ್‌ನಲ್ಲಿ ಹಳೆಯ ಯುಎಸ್‌ಬಿ ಡಿಬಗಿಂಗ್ ಒಪ್ಪಿಗೆಗಳನ್ನ ರದ್ದು ಮಾಡಿ ಮತ್ತೆ ಕೇಬಲ್ ಹಾಕಿ. ಪಟ್ಟಿಯೇ ಖಾಲಿ ಇದ್ರೆ ಎಲ್‌ಎಸ್‌ಯುಎಸ್‌ಬಿ ಕೊಡಿ. ಅಲ್ಲೂ ಫೋನ್ ಇಲ್ಲ ಅಂದ್ರೆ ಮೊದಲು ಕೇಬಲ್ ಬದಲಿಸಿ, ಚಾರ್ಜಿಂಗ್‌ಗೆ ಮಾತ್ರ ಆಗೋ ಕೇಬಲ್‌ಗಳು ತುಂಬ ಇವೆ. "ಸರ್ವರ್ ವರ್ಷನ್ ಡಸಂಟ್ ಮ್ಯಾಚ್ ದಿಸ್ ಕ್ಲೈಂಟ್" ಅಂತ ಪದೇ ಪದೇ ಬಂದ್ರೆ ಎರಡು ಎಡಿಬಿ ಇವೆ, ಆ್ಯಪ್ಟ್‌ನದ್ದೊಂದು, ಎಸ್‌ಡಿಕೆದೊಂದು. ಒಂದನ್ನೊಂದು ಕೊಲ್ತಾ ಇರ್ತವೆ. ವಿಚ್ -ಎ ಎಡಿಬಿ ಕೊಟ್ಟು ನೋಡಿ, ಆ್ಯಪ್ಟ್‌ನದ್ದು ತೆಗೀರಿ.

ಆಂಡ್ರಾಯ್ಡ್ 11ರಿಂದ ಈಚೆಗೆ ಕೇಬಲ್ ಇಲ್ಲದೆಯೂ ಆಗುತ್ತೆ. ವೈರ್‌ಲೆಸ್ ಡಿಬಗಿಂಗ್ ಆನ್ ಮಾಡಿ, ಪೇರಿಂಗ್ ಕೋಡ್ ಆಯ್ಕೆ ಒತ್ತಿದ್ರೆ 6 ಅಂಕಿಯ ಕೋಡ್ ಜೊತೆ ಐಪಿ, ಪೋರ್ಟ್ ಬರುತ್ತೆ. ಎಡಿಬಿ ಪೇರ್‌ಗೆ ಆ ಪೋರ್ಟ್ ಕೊಡ್ಬೇಕು. ಎಡಿಬಿ ಕನೆಕ್ಟ್‌ಗೆ ಅದಲ್ಲ, ಹಿಂದಿನ ಪರದೆಯಲ್ಲಿ ಕಾಣೋ ಬೇರೆ ಪೋರ್ಟ್. ಎಲ್ಲರೂ ಎಡವೋದು ಇಲ್ಲೇ. ಆಫೀಸು, ಹಾಸ್ಟೆಲ್ ವೈಫೈಗಳಲ್ಲಿ ಸಾಧನಗಳು ಪರಸ್ಪರ ಮಾತಾಡದ ಹಾಗೆ ತಡೆದಿರ್ತಾರೆ, ಅಲ್ಲಿ ಕೇಬಲ್ಲೇ ಬಳಸಿ.

---

ತುಂಗಾತೀರ

ತುಂಬ ಧನ್ಯವಾದ, ಬಿಲ್ಡ್ ಆಯಿತು, ಫೋನೂ ಸಿಕ್ಕಿತು. ಈಗ ಇನ್‌ಸ್ಟಾಲ್‌ಡಿಬಗ್ ಕೊಟ್ಟರೆ "ಇನ್‌ಸ್ಟಾಲ್_ಫೇಲ್ಡ್_ಅಪ್‌ಡೇಟ್_ಇನ್‌ಕಂಪ್ಯಾಟಿಬಲ್". ಇನ್ನೊಂದು ಹಳೆಯ ಫೋನಿನಲ್ಲಿ ಇನ್‌ಸ್ಟಾಲ್ ಆಗುತ್ತದೆ, ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಲಾಗ್‌ಕ್ಯಾಟ್‌ಗೆ (ಫೋನಿನ ಲಾಗ್ ತೋರಿಸುವ ಕಮಾಂಡ್) --ಪಿಐಡಿ (ಆ್ಯಪ್‌ನ ಪ್ರೊಸೆಸ್ ಸಂಖ್ಯೆ) ಹಾಕಿದರೆ ಏನೂ ಬರುವುದಿಲ್ಲ, ಹಾಕದಿದ್ದರೆ ಪ್ರವಾಹದ ಹಾಗೆ ಹರಿಯುತ್ತದೆ. ಆ್ಯಪ್ ಮಾತಾಡುವ ಸರ್ವರ್ ನನ್ನ ಲ್ಯಾಪ್‌ಟಾಪ್‌ನಲ್ಲೇ 8080 ಪೋರ್ಟಿನಲ್ಲಿದೆ.

---

ಕೀಲಿಮಣೆ

ಮೊದಲನೇ ಫೋನಲ್ಲಿ ಅದೇ ಅಪ್ಲಿಕೇಷನ್ ಐಡಿಯ ಆ್ಯಪ್ ಬೇರೆ ಕೀಲಿಯ ಸಹಿಯೊಂದಿಗೆ ಈಗಾಗ್ಲೇ ಕೂತಿದೆ. ಪ್ಲೇ ಸ್ಟೋರ್ ಪ್ರತಿಯೋ, ಬೇರೆ ಕಂಪ್ಯೂಟರಲ್ಲಿ ಮಾಡಿದ ಡಿಬಗ್ ಪ್ರತಿಯೋ ಇರ್ಬೇಕು. ಡಿಬಗ್ ಕೀಲಿ ಪ್ರತಿ ಕಂಪ್ಯೂಟರ್‌ಗೂ ಬೇರೆ, ಹೋಮ್ ಫೋಲ್ಡರಿನ .ಆಂಡ್ರಾಯ್ಡ್ ಒಳಗೆ ಡಿಬಗ್.ಕೀಸ್ಟೋರ್ ಅಂತ ತಾನಾಗೇ ಹುಟ್ಟುತ್ತೆ. ಎಡಿಬಿ ಅನ್‌ಇನ್‌ಸ್ಟಾಲ್ ಕೊಟ್ಟು ಪ್ಯಾಕೇಜ್ ಹೆಸರು ಹೇಳಿ ತೆಗೀರಿ, ಆದ್ರೆ ಆ್ಯಪ್‌ನ ಡೇಟಾನೂ ಹೋಗುತ್ತೆ. ಲಾಂಚರ್‌ನಿಂದ ತೆಗೆದ್ರೆ ವರ್ಕ್ ಪ್ರೊಫೈಲ್‌ನಲ್ಲಿ ಒಂದು ಪ್ರತಿ ಉಳಿದುಕೊಂಡು ಇದೇ ಎರರ್ ಮುಂದುವರಿಯಬಹುದು. ಎರಡೂ ಒಟ್ಟಿಗೆ ಬೇಕಂದ್ರೆ ಡಿಬಗ್ ಬಿಲ್ಡ್ ಟೈಪ್‌ಗೆ ಅಪ್ಲಿಕೇಷನ್‌ಐಡಿಸಫಿಕ್ಸ್ ".ಡಿಬಗ್" ಸೇರಿಸಿ, ಅದೇ ಶಾಶ್ವತ ಪರಿಹಾರ.

ಎರಡು ಫೋನ್ ಒಟ್ಟಿಗೆ ಜೋಡಿಸಿದ್ರೆ ಎಡಿಬಿ "ಮೋರ್ ದ್ಯಾನ್ ಒನ್ ಡಿವೈಸ್" ಅನ್ನುತ್ತೆ, -ಎಸ್ ಹಾಕಿ ಸೀರಿಯಲ್ ಕೊಡ್ಬೇಕು. ಇನ್‌ಸ್ಟಾಲ್‌ಡಿಬಗ್ ಮಾತ್ರ ಕೇಳೋದೇ ಇಲ್ಲ, ಜೋಡಿಸಿದ ಎಲ್ಲದಕ್ಕೂ ಹಾಕುತ್ತೆ. ಒಂದಕ್ಕೇ ಬೇಕಾದ್ರೆ ಆಂಡ್ರಾಯ್ಡ್_ಸೀರಿಯಲ್ ವೇರಿಯಬಲ್ ಇಡಿ.

ಇನ್ನು ಲಾಗ್. ಪಿಐಡಿ ಸಿಗ್ಬೇಕಾದ್ರೆ ಪ್ರೊಸೆಸ್ ಬದುಕಿರ್ಬೇಕು, ನಿಮ್ಮದು ತೆರೆದ ಕೂಡ್ಲೇ ಸಾಯ್ತಿದೆ. ಸತ್ತದ್ದರ ಲೆಕ್ಕ ಪ್ರತ್ಯೇಕ ಬಫರ್‌ನಲ್ಲಿರುತ್ತೆ:

ಎಡಿಬಿ ಲಾಗ್‌ಕ್ಯಾಟ್ -ಸಿ

(ಆ್ಯಪ್ ತೆರೆಯಿರಿ, ಬೀಳಲಿ)

ಎಡಿಬಿ ಲಾಗ್‌ಕ್ಯಾಟ್ -ಬಿ ಕ್ರ್ಯಾಶ್ -ಡಿ

"ಫೇಟಲ್ ಎಕ್ಸೆಪ್ಷನ್: ಮೇನ್" ಅನ್ನೋ ಸಾಲಿಂದ ಕೆಳಗೆ ಓದಿ. ಮೇಲಿನ ಸಾಲುಗಳು ಸಾಮಾನ್ಯವಾಗಿ "ಆ್ಯಕ್ಟಿವಿಟಿ ಶುರುವಾಗಲಿಲ್ಲ" ಅಂತಷ್ಟೇ ಹೇಳ್ತವೆ. ಕೊನೆಯ "ಕಾಸ್ಡ್ ಬೈ" ಹುಡುಕಿ, ಅದರ ಕೆಳಗೆ ನಿಮ್ಮ ಪ್ಯಾಕೇಜ್ ಹೆಸರಿರೋ ಮೊದಲ ಸಾಲಲ್ಲಿ ಫೈಲ್ ಹೆಸರು, ಸಾಲಿನ ಸಂಖ್ಯೆ ಎರಡೂ ಇರ್ತವೆ.

ಸರ್ವರ್ ಬಗ್ಗೆ: ಫೋನಿನೊಳಗೆ ಲೋಕಲ್‌ಹೋಸ್ಟ್ ಅಂದ್ರೆ ಫೋನೇ. ಇದನ್ನು ಕೊಟ್ರೆ ಫೋನಿನ 8080 ನಿಮ್ಮ ಲ್ಯಾಪ್‌ಟಾಪ್‌ನ 8080ಕ್ಕೆ ಬರುತ್ತೆ:

ಎಡಿಬಿ ರಿವರ್ಸ್ ಟಿಸಿಪಿ:8080 ಟಿಸಿಪಿ:8080

ಕೇಬಲ್ ಕಿತ್ತರೆ ಅದು ಹೋಗುತ್ತೆ, ಮತ್ತೆ ಕೊಡ್ಬೇಕು. ಆಮೇಲೂ "ಕ್ಲಿಯರ್‌ಟೆಕ್ಸ್ಟ್ ನಾಟ್ ಪರ್ಮಿಟೆಡ್" ಬಂದ್ರೆ, ಟಾರ್ಗೆಟ್ ಎಸ್‌ಡಿಕೆ 28ರಿಂದ ಮುಂದಕ್ಕೆ ಎಚ್‌ಟಿಟಿಪಿಎಸ್ ಅಲ್ಲದ ಸಂಪರ್ಕ ಡೀಫಾಲ್ಟ್ ಆಗಿ ಬಂದ್. ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್‌ನಲ್ಲಿ ಲೋಕಲ್‌ಹೋಸ್ಟ್‌ಗೆ ಮಾತ್ರ, ಅದೂ ಡಿಬಗ್ ಸೋರ್ಸ್ ಫೋಲ್ಡರಿನಲ್ಲಿ ಮಾತ್ರ, ಬಿಡುವು ಕೊಡಿ. ಮುಖ್ಯ ಮ್ಯಾನಿಫೆಸ್ಟ್‌ನಲ್ಲಿ ಎಲ್ಲದಕ್ಕೂ ತೆರೆದಿಟ್ಟು ಹಾಗೇ ರಿಲೀಸ್ ಮಾಡಿದ್ರೆ ಬಳಕೆದಾರರ ಡೇಟಾ ಬಯಲಲ್ಲಿ ಓಡಾಡುತ್ತೆ.

---

ಎಂಟುಬಿಟ್

ರಿಲೀಸ್ ಮಾಡುವ ಹೊತ್ತಿಗೆ ಬೇಕಾದ್ದನ್ನೂ ಇಲ್ಲೇ ಬರೆದಿಡುತ್ತೇನೆ. ಕೀಲಿ ಮಾಡುವುದು ಜಾವಾ ಜೊತೆ ಬರುವ ಕೀಟೂಲ್:

ಕೀಟೂಲ್ -ಜೆನ್‌ಕೀಪೇರ್ -ಕೀಸ್ಟೋರ್ ರಿಲೀಸ್.ಜೆಕೆಎಸ್ -ಅಲಿಯಾಸ್ ಅಪ್‌ಲೋಡ್ -ಕೀಆಲ್ಗ್ ಆರ್‌ಎಸ್‌ಎ -ಕೀಸೈಜ್ 2048 -ವ್ಯಾಲಿಡಿಟಿ 10000

ವ್ಯಾಲಿಡಿಟಿ ದಿನಗಳ ಲೆಕ್ಕ, 10000 ಅಂದರೆ ಸುಮಾರು 27 ವರ್ಷ. ಬಿಟ್ಟರೆ ಕೀಟೂಲ್ 90 ದಿನ ಎಂದುಕೊಳ್ಳುತ್ತದೆ, ಪ್ಲೇ ಸ್ಟೋರ್ ಅದನ್ನು ಒಪ್ಪುವುದಿಲ್ಲ. ಪಾಸ್‌ವರ್ಡ್‌ಗಳನ್ನು ಹೊಂಗೆನೆರಳು ಅವರು ಹೇಳಿದ ಹೋಮ್ ಫೋಲ್ಡರಿನ ಗ್ರೇಡಲ್.ಪ್ರಾಪರ್ಟೀಸ್‌ನಲ್ಲೇ ಇಟ್ಟು, ಸೈನಿಂಗ್ ಕಾನ್ಫಿಗ್‌ನಿಂದ ಓದಿಸಿ. ಗಿಟ್‌ಗೆ ಪಾಸ್‌ವರ್ಡೂ ಹೋಗಬಾರದು, ಕೀಸ್ಟೋರೂ ಹೋಗಬಾರದು. ಕೀಸ್ಟೋರಿನ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿರಲಿ.

ಸೈನಿಂಗ್ ಕಾನ್ಫಿಗ್ ಇದ್ದರೆ ಗ್ರೇಡಲ್ಲೇ ಅಲೈನ್ ಮಾಡಿ (ಎಪಿಕೆ ಒಳಗಿನ ಡೇಟಾವನ್ನು ಸರಿಯಾದ ಗಡಿಗೆ ಜೋಡಿಸಿ) ಸಹಿಯನ್ನೂ ಹಾಕುತ್ತದೆ. ಸಹಿಯಿಲ್ಲದ ಎಪಿಕೆಗೆ ಕೈಯಾರೆ ಹಾಕುವುದಾದರೆ ಮೊದಲು ಜಿಪ್‌ಅಲೈನ್, ಆಮೇಲೆ ಎಪಿಕೆಸೈನರ್. ಈ ಕ್ರಮ ತಪ್ಪಬಾರದು: ಆಂಡ್ರಾಯ್ಡ್ 7ರಿಂದ ಬಂದ ವಿ2 ಸಹಿ ಇಡೀ ಫೈಲನ್ನು ಕಾಯುತ್ತದೆ, ಸಹಿ ಹಾಕಿದ ಮೇಲೆ ಜಿಪ್‌ಅಲೈನ್ ಒಂದು ಬೈಟ್ ಸರಿಸಿದರೂ ಸಹಿ ಕೆಟ್ಟಿತು. ಹಳೆಯ ಬರಹಗಳಲ್ಲಿ ತಿರುಗಾಮುರುಗಾ ಇದ್ದರೆ ಅದು ಜಾರ್‌ಸೈನರ್ ಕಾಲದ್ದು. ಕೊನೆಗೆ ಎಪಿಕೆಸೈನರ್ ವೆರಿಫೈ ಓಡಿಸಿ ನೋಡಿ. ಎರಡೂ ಟೂಲ್ ಇರುವುದು ಬಿಲ್ಡ್-ಟೂಲ್ಸ್/34.0.0 ಒಳಗೆ, ಪಾಥ್‌ನಲ್ಲಿ ತಾನಾಗಿ ಇರುವುದಿಲ್ಲ.

2021ರ ಆಗಸ್ಟ್‌ನಿಂದ ಪ್ಲೇ ಸ್ಟೋರ್‌ಗೆ ಹೊಸ ಆ್ಯಪ್ ಹಾಕುವುದಾದರೆ ಎಎಬಿ (ಆಂಡ್ರಾಯ್ಡ್ ಆ್ಯಪ್ ಬಂಡಲ್) ಬೇಕು. ಟಾಸ್ಕ್ ಬಂಡಲ್‌ರಿಲೀಸ್. ಎಎಬಿಯನ್ನು ನೇರ ಫೋನಿಗೆ ಹಾಕಲಾಗದು. ಬಂಡಲ್‌ಟೂಲ್ ಇಳಿಸಿ, ಬಿಲ್ಡ್-ಎಪಿಕೆಎಸ್ ಕಮಾಂಡ್‌ಗೆ --ಕನೆಕ್ಟೆಡ್-ಡಿವೈಸ್ ಸೇರಿಸಿದರೆ ಜೋಡಿಸಿದ ಫೋನಿಗೆ ಹೊಂದುವ ತುಣುಕುಗಳನ್ನಷ್ಟೇ ಮಾಡುತ್ತದೆ, ಇನ್‌ಸ್ಟಾಲ್-ಎಪಿಕೆಎಸ್ ಅವನ್ನು ಹಾಕುತ್ತದೆ. ಅಪ್‌ಲೋಡ್ ಮಾಡುವ ಮುನ್ನ ಇದನ್ನು ಮಾಡಿಯೇ ಮಾಡಿ. ಆರ್8 ಕೋಡ್ ಕಿರಿದು ಮಾಡುವಾಗ ರಿಫ್ಲೆಕ್ಷನ್‌ನಿಂದ (ಆ್ಯಪ್ ಓಡುವಾಗ ಹೆಸರಿನಿಂದ ಹುಡುಕಿ) ಕರೆಯುವ ಕ್ಲಾಸ್‌ಗಳು ಕಾಣೆಯಾಗಿ, ಡಿಬಗ್‌ನಲ್ಲಿ ಸಲೀಸಾಗಿ ಓಡಿದ್ದು ರಿಲೀಸ್‌ನಲ್ಲಿ ಬೀಳುತ್ತದೆ. ಆಗ ಲಾಗ್‌ನಲ್ಲಿ ಎ, ಬಿ, ಸಿ ಎಂಬ ಹೆಸರುಗಳಷ್ಟೇ ಕಾಣುತ್ತವೆ. ಔಟ್‌ಪುಟ್ಸ್/ಮ್ಯಾಪಿಂಗ್/ರಿಲೀಸ್ ಒಳಗಿನ ಮ್ಯಾಪಿಂಗ್.ಟಿಎಕ್ಸ್‌ಟಿ ಜೊತೆ ಸಿಎಂಡಿಲೈನ್-ಟೂಲ್ಸ್‌ನಲ್ಲಿರುವ ರೀಟ್ರೇಸ್‌ಗೆ ಕೊಟ್ಟರೆ ಮೂಲ ಹೆಸರು ಬರುತ್ತವೆ. ಪ್ರತಿ ರಿಲೀಸಿನ ಮ್ಯಾಪಿಂಗ್ ಫೈಲನ್ನೂ ಜೋಪಾನವಾಗಿ ತೆಗೆದಿಡಿ, ಮುಂದಿನ ಬಿಲ್ಡ್ ಅದರ ಮೇಲೇ ಬರೆಯುತ್ತದೆ.

---

ಹೊಂಗೆನೆರಳು

ಎಮ್ಯುಲೇಟರ್ (ಕಂಪ್ಯೂಟರಿನಲ್ಲೇ ಓಡುವ ನಕಲಿ ಫೋನ್) ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: 8 ಜಿಬಿಯಲ್ಲಿ ಬಿಲ್ಡ್ ಮತ್ತು ಎಮ್ಯುಲೇಟರ್ ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಎರಡು ಫೋನ್ ಇರುವಾಗ ಅಗತ್ಯವೂ ಇಲ್ಲ. ಬೇರೆ ಆಂಡ್ರಾಯ್ಡ್ ಆವೃತ್ತಿಯಲ್ಲಿ ಪರೀಕ್ಷಿಸಲೇಬೇಕಾದರೆ ಮೊದಲು ಎಮ್ಯುಲೇಟರ್ -ಆ್ಯಕ್ಸೆಲ್-ಚೆಕ್ ಕೊಡಿ. ಕೆವಿಎಂ (ಲಿನಕ್ಸ್‌ನ ವರ್ಚುಯಲೈಸೇಷನ್ ಸೌಲಭ್ಯ) ಸಿಗಲಿಲ್ಲ ಎಂದರೆ ಬಯಾಸ್‌ನಲ್ಲಿ ವರ್ಚುಯಲೈಸೇಷನ್ ಆನ್ ಮಾಡಿ, ನಿಮ್ಮ ಯೂಸರನ್ನು ಕೆವಿಎಂ ಗುಂಪಿಗೆ ಸೇರಿಸಿ, ಅದಿಲ್ಲದೆ ಬೂಟ್ ಆಗುವುದನ್ನು ಕಾಯುತ್ತಾ ಕೂರಬೇಕಾಗುತ್ತದೆ. ಆಮೇಲೆ ಗ್ರೇಡಲ್‌ಡಬ್ಲ್ಯೂ --ಸ್ಟಾಪ್ ಕೊಟ್ಟು ರ‍್ಯಾಮ್ ಬಿಡಿಸಿಕೊಂಡು, ಎಮ್ಯುಲೇಟರನ್ನು -ನೋ-ವಿಂಡೋ, -ನೋ-ಬೂಟ್-ಆ್ಯನಿಮ್ ಜೊತೆ ಎಬ್ಬಿಸಿ, ಮೊದಲೇ ಮಾಡಿಟ್ಟ ಎಪಿಕೆಯನ್ನು ಎಡಿಬಿಯಿಂದ ಹಾಕಿ. ಅಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ಸರ್ವರ್‌ಗೆ ಎಡಿಬಿ ರಿವರ್ಸ್ ಇಲ್ಲದೆಯೂ 10.0.2.2 ವಿಳಾಸ ಕೊಟ್ಟರೆ ನಡೆಯುತ್ತದೆ.